ಮೋರ್ಯಾರ ದಿಬ್ಬದ ಬಿಳಿಗಲ್ಲು

ಆಗಿನ್ನೂ ಆಣೆಕಟ್ಟಿನ ನೀರು ಬಂದಿರಲಿಲ್ಲ; ನೀರು ಬರುತ್ತದೆ ಎಂಬ ಮಾತಷ್ಟೇ ಬಂದಿತ್ತು. ಕೃಷ್ಣೆಯ ದಂಡೆಯ ಮೇಲೆ, ಅನಗವಾಡಿಯಿಂದ ಇನ್ನೂ ಒಳಗೆ ಇದ್ದ ನಮ್ಮ ಊರಿನಲ್ಲಿ ಆ ಮಾತು ನಾನು ಹುಟ್ಟುವ ಮುಂಚಿನಿಂದಲೂ ಓಡಾಡಿಕೊಂಡಿತ್ತಂತೆ. ಹಾಗಾಗಿ ಯಾರೂ ಅದನ್ನು ಒಳಗೆ ಕರೆದು ಕೂರಿಸಿರಲಿಲ್ಲ. ನಾನು ಐದನೆಯ ಇಯತ್ತೆಯಲ್ಲಿದ್ದಾಗ ಪ್ಯಾಂಟು ಹಾಕಿದ ನಾಲ್ಕು ಮಂದಿ ಬಂದರು. ಪ್ರತಿ ಮನೆಯ ಗೋಡೆಗೂ ಕೆಂಪು ಬಣ್ಣದಲ್ಲಿ ನಂಬರು ಬರೆದರು. ಬಾವಿ ಎಣಿಸಿದರು, ಬೇವಿನ ಗಿಡ ಎಣಿಸಿದರು, ದನದ ಕೊಟ್ಟಿಗೆ ಎಣಿಸಿದರು. ಬಾಗಿಲಲ್ಲಿ ಕೂತಿದ್ದ ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ತನ್ನ ಹಣೆ ತೋರಿಸಿ, "ನನಗೂ ಒಂದು ನಂಬರ್ ಹಚ್ಚಿ ಹೋಗ್ರಿ ಸಾಹೇಬ್ರ, ನಾನೂ ಈ ಮನಿಗೇ ಸೇರಿದಾಕಿ" ಎಂದಳು. ಅವರಲ್ಲಿ ಒಬ್ಬ ನಕ್ಕ. ಉಳಿದವರಿಗೆ ಬಿಸಿಲು ಹತ್ತಿತ್ತು.

ಇದನ್ನು ಓದುತ್ತಿರುವವರು ಮುಳುಗಡೆ ಊರಿನವರಾಗಿದ್ದರೆ ಆ ಕೆಂಪು ನಂಬರು ನಿಮಗೂ ನೆನಪಿರುತ್ತದೆ. ಹೊಸ ಮನೆಗೆ ಬಂದು ಇಷ್ಟು ವರ್ಷವಾದರೂ ನನಗೆ ಹಳೆಯದೇ ಬಾಯಿಪಾಠ.

ನನಗೀಗ ನಲವತ್ತು. ನಗಬೇಡಿ, ಅಜ್ಜಿಯಾಗಿ ಒಂದು ವರ್ಷವಾಯಿತು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಎಲ್ಲವೂ ಲಗೂನೆ ಆಗುತ್ತದೆ. ದಣಿವೂ ಲಗೂನೆ ಬರುತ್ತದೆ. ಮಗಳು ಬಾಣಂತನಕ್ಕೆಂದು ಬಂದಾಗ ಈ ಫೋನಿನಲ್ಲಿ ಕನ್ನಡ ಬರೆಯುವುದನ್ನು ಕಲಿಸಿದಳು. ಈಗ ಮತ್ತೆ ಕೂಸನ್ನು ಕರೆದುಕೊಂಡು ಬಂದಿದ್ದಾಳೆ, ಅದು ಮಲಗಿದ ಹೊತ್ತು ನೋಡಿ ಒಂದೇ ಬೆರಳಿನಿಂದ ಒತ್ತುತ್ತೇನೆ. ಈಗ ಮಲಗಿದೆ, ಹೇಳಿಬಿಡುತ್ತೇನೆ.

ಊರ ಹೊರಗೆ ಒಂದು ಉದ್ದನೆಯ ದಿಬ್ಬವಿತ್ತು. ಅದರ ಮೇಲೆಲ್ಲ ದೊಡ್ಡ ದೊಡ್ಡ ಗುಂಡುಕಲ್ಲುಗಳನ್ನು ದುಂಡಗೆ ಸುತ್ತು ಹಾಕಿ ಇಟ್ಟಿದ್ದರು. ಪ್ರತಿ ಸುತ್ತಿನ ನಡುವೆ ಸಣ್ಣ ಕಲ್ಲುಗಳ ಒಂದು ಗುಪ್ಪೆ. ಒಂದೆರಡು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಪುಟ್ಟ ಕಲ್ಲಿನ ಮನೆಗಳೂ ಇದ್ದವು. ಒಳಗೆ ಎರಡು ಕುರಿಮರಿ ಹಿಡಿಸುತ್ತಿದ್ದವು, ಇಲ್ಲವೇ ಮಳೆ ಬಂದರೆ ಇಬ್ಬರು ಹುಡುಗಿಯರು. ಊರವರು ಅದನ್ನು ಮೋರ್ಯಾರ ದಿಬ್ಬ ಎನ್ನುತ್ತಿದ್ದರು. ಮೋರ್ಯಾರೆಂದರೆ ಮೂರು ಗೇಣಿನ ಮನುಷ್ಯರು. ಬೆಂಕಿಮಳೆ ಬೀಳುತ್ತದೆಂದು ಹೆದರಿ ಕಲ್ಲಿನ ಮನೆ ಕಟ್ಟಿಕೊಂಡು ಒಳಗೇ ಸತ್ತರಂತೆ. ಸಾಲೆಯ ಮಾಸ್ತರರು ಮಾತ್ರ, "ಅವು ಗೋರಿ ಲೇ. ಯಾವದೋ ಹಳೇ ಕಾಲದ ಮಂದಿ ಸತ್ತವರ್ನ ಹುಗದು ಮ್ಯಾಲ ಕಲ್ಲ ಒಟ್ಟ್ಯಾರ. ನಮ್ಮ ದೇವರೂ ಹುಟ್ಟಿದ್ದಿಲ್ಲ ಆಗ" ಎಂದಿದ್ದರು.

ಗೋರಿಯಾದರೇನು, ನಮಗೆ ಅವು ಮನೆಗಳು. ನನಗೂ ಸುವರ್ಣಾಗೂ ಒಂದೊಂದು ಸುತ್ತು. ಸುವರ್ಣಾ ನಮ್ಮ ಪಕ್ಕದ ಓಣಿಯ ಒಕ್ಕಲುತನದ ಮನೆಯವರ ಮಗಳು, ಹಣೆಗೆ ದಿನಾ ವಿಭೂತಿ ಹಚ್ಚಿಕೊಂಡು ಬರುತ್ತಿದ್ದಳು. ಆಟ ಮುಗಿಯುವ ಹೊತ್ತಿಗೆ ಅದರ ಮೇಲೆ ದಿಬ್ಬದ ಕೆಂಪು ಮಣ್ಣು ಕೂತಿರುತ್ತಿತ್ತು. ನನ್ನ ಮನೆ ಊರ ಕಡೆಯಿಂದ ಮೊದಲನೆಯದು. ಮಳೆಗೆ ಮಣ್ಣು ಸವೆದಲ್ಲಿ ಬೋಕಿ, ಅಂದರೆ ಒಡೆದ ಗಡಿಗೆಯ ಚೂರುಗಳು ಸಿಗುತ್ತಿದ್ದವು. ಹೊರಗೆ ಕೆಂಪು, ಒಳಗೆ ಕಪ್ಪು, ಎಣ್ಣೆ ಹಚ್ಚಿ ತಿಕ್ಕಿದಂತೆ ನುಣುಪು. ನಮ್ಮೂರ ಕುಂಬಾರರ ಗಡಿಗೆ ಹಾಗಿರಲಿಲ್ಲ. ಮುಟ್ಟಿದರೆ ಅಂಗೈ ತರಚುವಂತಿರುತ್ತಿತ್ತು. ಆ ಮೋರ್ಯಾರ ಬೋಕಿಗಳೇ ನಮಗೆ ಗಂಗಾಳ. ಅವುಗಳಲ್ಲಿ ಬೇವಿನಕಾಯಿ ಪಲ್ಯ, ಮಣ್ಣಿನ ಹುಗ್ಗಿ ಬಡಿಸಿಕೊಂಡು ಚಪ್ಪರಿಸುತ್ತಿದ್ದೆವು.

ಆ ದಿಬ್ಬದಲ್ಲಿಯೇ ನಮ್ಮ ಮುತ್ಯಾನೂ ಇದ್ದ. ಮುತ್ಯಾ ಎಂದರೆ ಆಯಿಯ ಗಂಡ. ಕುರಿ ಕಾಯುವ ಮನೆತನ ನಮ್ಮದು, ಬೀರೇಶ್ವರನ ಒಕ್ಕಲು. ಸತ್ತವರನ್ನು ಮಣ್ಣು ಮಾಡುತ್ತೇವೆ. ಮುತ್ಯಾನ ಕುರಿದಡ್ಡಿ ದಿಬ್ಬದ ಆಚೆ ತುದಿಗಿತ್ತು. "ನನ್ನ ಕುರಿ ಮಲಗಿದ ಜಾಗಾದಾಗ ನನ್ನೂ ಮಲಗಸ್ರಿ" ಎಂದು ಹೇಳಿ ಸತ್ತನಂತೆ. ಹಾಗೆಯೇ ಮಾಡಿದರು. ನರಿ ತೋಡಬಾರದೆಂದು ಮೇಲೆ ಕಲ್ಲಿನ ಗುಪ್ಪೆ ಹಾಕಿದರು. ಅಲ್ಲಿಗೆ ಮುತ್ಯಾನ ಗೋರಿಯೂ ಮೋರ್ಯಾರ ಗೋರಿಯೂ ಒಂದೇ ನಮೂನೆಯವಾದವು. ಗುರುತಿಗಿರಲಿ ಎಂದು ಆಯಿ ಹೊಳೆಯಿಂದ ಒಂದು ಬಿಳಿಗಲ್ಲು ಹೊತ್ತು ತಂದು ಮೇಲಿಟ್ಟಳು. ಸುಲಿಯದ ತೆಂಗಿನಕಾಯಿಯಷ್ಟು ದೊಡ್ಡದು, ಮಗುವಿನ ತಲೆಯ ಹಾಗೆ ನುಣ್ಣಗೆ.

ನಾನು ಮುತ್ಯಾನನ್ನು ಕಂಡವಳಲ್ಲ. ಅವನ ಬಗ್ಗೆ ಕೇಳಿದ್ದೆಲ್ಲ ಗೊರಕೆಯ ಕಥೆ. ಅವನು ಮಲಗಿದ ಮೇಲೆ ತೋಳ ದಡ್ಡಿಯ ಹತ್ತಿರ ಸುಳಿಯುತ್ತಿರಲಿಲ್ಲವಂತೆ. ಆಯಿ ಹೇಳುತ್ತಿದ್ದಳು: "ಬಾಳೇವು ಮಾಡಿದಷ್ಟೂ ದಿನ ಕಿವ್ಯಾಗ ಅರಳಿ ಇಟಗೊಂಡ ಮಲಗೇನಿ ಬೇ. ಈಗ ಅವಿಲ್ಲ, ಸಪ್ಪಳಿಲ್ಲ, ನಿದ್ದೀನೂ ಹತ್ತವಲ್ಲದು. ಸತ್ತೂ ನನ್ನ ಮಲಗಗೊಡಲಿಲ್ಲ ನೋಡು."

ಆಯಿಯ ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅಪ್ಪ ಕುರಿ ಬಿಟ್ಟು ರಬಕವಿಯಲ್ಲಿ ಮಗ್ಗದ ಕೆಲಸಕ್ಕೆ ಸೇರಿದ್ದ, ಹಬ್ಬಕ್ಕಷ್ಟೇ ಬರುತ್ತಿದ್ದ. ಅವ್ವನಿಗೆ ಹೊಲ, ಜೊತೆಗೆ ಕಂಕುಳಲ್ಲಿ ನನ್ನ ತಮ್ಮ. ಹಾಗಾಗಿ ಪ್ರತಿ ಅಮಾವಾಸ್ಯೆಗೆ ಆಯಿಯ ಕೈಹಿಡಿದು ಮುತ್ಯಾನ ಹತ್ತಿರ ಕರೆದೊಯ್ಯುವ ಕೆಲಸ ನನಗೆ ಬಿತ್ತು.

ಅದೊಂದು ಯಾತ್ರೆ. ದಿಬ್ಬದ ಈ ತುದಿಯಿಂದ ಆ ತುದಿಗೆ ಸುಡುವ ಕಲ್ಲು, ಜಾಲಿಮುಳ್ಳು. ಈ ತುದಿಯಲ್ಲಿ ನಮ್ಮ ಎಡಕ್ಕಿದ್ದ ಹೊಳೆ ಆ ತುದಿಯನ್ನು ಬಳಸಿ ಬಲಕ್ಕೆ ತಿರುಗಿಕೊಳ್ಳುತ್ತಿತ್ತು. ಬಂಡೆಗಳ ಮೇಲೆ ಹರಿಯುವ ಅದರ ಸಪ್ಪಳ ದಾರಿಯುದ್ದಕ್ಕೂ ಕೇಳುತ್ತಿತ್ತು. ಹೋಗಿ ಮುಟ್ಟಿದ ಮೇಲೆ ಆಯಿ ಕೂತು, ಕಲ್ಲು ತಡವಿ, ಅದಕ್ಕೆ ಭಂಡಾರ ಹಚ್ಚಿ, ಸೆರಗಿನಿಂದ ಎಡೆ ಬಿಚ್ಚುವಳು. ಎರಡು ಸಜ್ಜಿ ರೊಟ್ಟಿ, ಪುಂಡಿಪಲ್ಯ, ಒಂದು ಹೆಂಟೆ ಬೆಲ್ಲ. ಬೆಲ್ಲ ಮಹಾಲಿಂಗಪುರದ್ದೇ ಆಗಬೇಕು, ಮುತ್ಯಾ ಬೇರೆ ಊರಿನದನ್ನು ಮುಟ್ಟುತ್ತಿರಲಿಲ್ಲವಂತೆ. ಆಮೇಲೆ ಶುರುವಾಗುತ್ತಿತ್ತು ಬೈಗುಳ. "ಆರಾಮ ಮಲಗೀಯಲ್ಲಪಾ ಕುಂಭಕರ್ಣ. ಕರಿ ಆಡ ಈದೈತಿ, ಎರಡ ಮರಿ. ನಿನ್ನ ಮಗ ಉಗಾದಿಗೂ ಬರಲಿಲ್ಲ. ಛಪ್ಪರ ಸೋರತೈತಿ, ಏರಿ ಹುಲ್ಲ ಹೊದಸಾವ ಯಾರು, ನಾನೇನ?" ಹೀಗೆ ಊರಿನ ಅಷ್ಟೂ ಸುದ್ದಿ ಮುಗಿಯುವ ತನಕ ನಾನು ಬಿಸಿಲಲ್ಲಿ ಬೆಲ್ಲದ ಮೇಲಿನ ಇರುವೆ ಓಡಿಸುತ್ತ ಕೂರಬೇಕು. ಕಡೆಗೆ ಬೆಲ್ಲ ನನಗೆ, ರೊಟ್ಟಿ ಅರ್ಧ ಅರ್ಧ. ಅಷ್ಟರಲ್ಲಿ ಸುವರ್ಣಾ ಆಟ ಮುಗಿಸಿ ಮನೆಗೆ ಹೋಗಿರುತ್ತಿದ್ದಳು.

ಒಂದು ಸಲ ಮುಳ್ಳು ತುಳಿದು ನನ್ನ ಕಾಲು ಕೀವಾಯಿತು. ಅದು ಮಾಗುವ ಮೊದಲೇ ಮತ್ತೆ ಅಮಾವಾಸ್ಯೆ ಹತ್ತಿರ ಬಂತು. ಕುಂಟುತ್ತ ದಿಬ್ಬಕ್ಕೆ ಹೋದೆ. ಸುವರ್ಣಾ ನನ್ನ ಕಾಲು ನೋಡಿ, "ನಿಮ್ಮ ಆಯಿಗೆ ಕಣ್ಣ ಕಾಣಂಗಿಲ್ಲ ಹೌದಿಲ್ಲೋ?" ಎಂದು ಕೇಳಿದಳು.

"ಹೌದು."

"ಮತ್ತ ಕಲ್ಲ ಇತ್ಲಾಗ ತಂದಬಿಡು. ಮುತ್ಯಾನ ಎಬ್ಬಿಸಿ ತರಾಕ ಆಗಂಗಿಲ್ಲ. ಕಲ್ಲರ ಬರತೈತಲ್ಲ."

ನನಗೆ ಅದು ಎಷ್ಟು ಸರಿ ಎನಿಸಿತೆಂದರೆ, ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದು ಬೇಜಾರಾಯಿತು. ಇಬ್ಬರೂ ಹೋಗಿ, ಲಂಗದ ಮಡಿಲಲ್ಲಿ ಸರತಿಯ ಮೇಲೆ ಹೊತ್ತು ತಂದು, ನನ್ನ ಆಟದ ಮನೆಯ ಗುಪ್ಪೆಯ ಮೇಲೆ ಆ ಬಿಳಿಗಲ್ಲು ಇಟ್ಟೆವು. ಊರಿಂದ ಕೂಗಿದರೆ ಕೇಳುವಷ್ಟು ಹತ್ತಿರ.

ಅಮಾವಾಸ್ಯೆ ಬಂತು. ಇಷ್ಟು ಬೇಗ ಬಂತೆಂದು ಅನುಮಾನ ಬಾರದಿರಲಿ ಎಂದು ಆಯಿಯನ್ನು ಮೊದಲೆರಡು ಸುತ್ತುಗಳ ಆಸುಪಾಸು ಗಾಣದೆತ್ತಿನ ಹಾಗೆ ತಿರುಗಿಸಿದೆ. ನನ್ನ ಹುಣ್ಣಿನ ಕಾಲಿಗೇ ಹೆಚ್ಚು ನೋವಾಯಿತು. ಕಡೆಗೆ ಕೂರಿಸಿ ಕೈಯನ್ನು ಕಲ್ಲಿನ ಮೇಲೆ ಇಟ್ಟೆ. ಆಯಿ ಒಂದು ಗಳಿಗೆ ತಲೆ ಓರೆ ಮಾಡಿ ಕೂತಳು.

"ಇವತ್ತ ಲಗೂನ ಬಂದ್ವೇನ ಮಾಳಿ?"

"ನಿನ್ನ ಕಾಲ ಚುರುಕಾಗ್ಯಾವ ಆಯಿ."

"ಆಗ್ಯಾವೇಳು," ಎಂದು ಭಂಡಾರ ಹಚ್ಚಿದಳು.

ಅವತ್ತು ಬೈಗುಳ ಬರಲಿಲ್ಲ. ಸುದ್ದಿಯೂ ಹೆಚ್ಚು ಹೇಳಲಿಲ್ಲ. ಎಡೆ ಇಟ್ಟು, "ತಗೋರಿ, ಉಂಡು ತಣ್ಣಗಿರ್ರಿ" ಎಂದು ಕೈಮುಗಿದು ಎದ್ದಳು. ವಯಸ್ಸಾದ ಮೇಲೆ ಗಂಡನಿಗೆ ಮರ್ಯಾದೆ ಕೊಡಲು ಕಲಿತಳು ಎಂದುಕೊಂಡು ನಾನು ಬೆಲ್ಲ ಬಾಯಿಗೆ ಹಾಕಿಕೊಂಡೆ. ಮುಂದಿನ ಅಮಾವಾಸ್ಯೆಯಿಂದ ಸುತ್ತಿಸುವುದನ್ನೂ ಬಿಟ್ಟೆ. ಆಯಿ ಕೇಳಲಿಲ್ಲ.

ಹೀಗೇ ಎರಡು ವರ್ಷ ನಡೆಯಿತು.

ನಾನು ಏಳನೆಯ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ, ಮಳೆಗಾಲದೊಳಗೆ ಊರು ಬಿಡಬೇಕೆಂದು ಡಂಗುರ ಸಾರಿದರು. ಆಗ ನೋಡಿ, ಮಂದಿ ತಮ್ಮ ಮನೆಗಳನ್ನು ತಾವೇ ಕೆಡವಿದರು. ತೊಲೆ, ಬಾಗಿಲು, ಕಿಟಕಿ ಬಿಚ್ಚಿ ಓಣಿಯಲ್ಲಿ ಒಟ್ಟಿದರು. ನೆಲದೊಳಗಿನ ಹಗೇವು ತೆಗೆದಾಗ ಹಳೆಯ ಜೋಳದ ಮುಗ್ಗಲು ವಾಸನೆ ಊರಿಗೆಲ್ಲ ಹಬ್ಬಿತು. ಬಿದ್ದ ಗೋಡೆಗಳ ಧೂಳು ರೊಟ್ಟಿಯ ಮೇಲೂ ಕೂರುತ್ತಿತ್ತು. ಬಿಟ್ಟು ಹೋದ ಒಲೆಗಳಲ್ಲಿ ಬೆಕ್ಕುಗಳು ಮಲಗುತ್ತಿದ್ದವು. ಎಲ್ಲರೂ ಸಣ್ಣ ಮಾತಿಗೂ ಸಿಡುಕುತ್ತಿದ್ದರು, ಆಮೇಲೆ ಸಿಡುಕುವುದಕ್ಕೂ ಬೇಸತ್ತು ಸುಮ್ಮನಾದರು. ಸರಕಾರ ಕೊಟ್ಟ ಹೊಸ ಪ್ಲಾಟಿನ ಬುನಾದಿಗೆ ಕಲ್ಲು ಬೇಕಲ್ಲ, ಟ್ರಾಕ್ಟರುಗಳು ದಿನವಿಡೀ ಹೋಗಿ ಬರುತ್ತಿದ್ದವು. ಎಲ್ಲಿಂದ ಕಲ್ಲು ತರುತ್ತಾರೆಂದು ನಾನು ಯೋಚಿಸಲಿಲ್ಲ.

ಅಪ್ಪ ರಬಕವಿಯಿಂದ ಬಂದು ನಮ್ಮ ಬಾಗಿಲನ್ನು ಬಿಚ್ಚುತ್ತಿದ್ದ. ಬಾಗಿಲಿಲ್ಲದ ಹೊಸ್ತಿಲಲ್ಲಿ ಕೂತು ಆಯಿ ಕೇಳಿದಳು: "ಬಾಗಲಾ ಒಯ್ತಿ, ತೊಲಿ ಒಯ್ತಿ, ಆಡು ಕೋಳಿ ಎಲ್ಲಾ ಒಯ್ತಿ. ನಿಮ್ಮಪ್ಪನ ಯಾರ ಒಯ್ಯವ್ರು?"

"ಅವ್ವ, ಅಂವಾ ಸತ್ತು ಎಷ್ಟ ವರ್ಷ ಆತು. ಅಲ್ಲೇನ ಉಳದೈತಿ?"

"ಮಣ್ಣ ಉಳದೈತಿ. ಮೂರ ಹಿಡಿ ತರೂದು, ಕಂಬಳ್ಯಾಗ ಕಟ್ಟೂದು, ಹೊಸಾ ಜಾಗಾದಾಗ ಹುಗಿಯೂದು. ನಮ್ಮ ಮಂದಿ ಎಲ್ಲಿ ಹ್ವಾದ್ರೂ ಹಂಗ ಮಾಡ್ಯಾರ. ಅವನ ನೀರಾಗ ಬಿಟ್ಟ ನಾ ಟ್ರಾಕ್ಟರ್ ಹತ್ತಾಕಿ ಅಲ್ಲ."

"ನಾಳಿಗಿ ಹೋಗೂಣ ತಡಿ," ಎಂದ ಅಪ್ಪ, ಮೊಳೆ ಕೀಳುತ್ತ.

ನನ್ನ ಕೈಯಲ್ಲಿದ್ದ ಕೊಡ ಜಾರಿ ಬಿತ್ತು. ಯಾರೂ ತಿರುಗಿ ನೋಡಲಿಲ್ಲ. ಆ ವಾರ ಎಲ್ಲರ ಮನೆಯಲ್ಲೂ ಏನಾದರೊಂದು ಬೀಳುತ್ತಲೇ ಇತ್ತು.

ಅಪ್ಪ ಹೊರಗೆ ಹೋದದ್ದೇ ತಡ ದಿಬ್ಬಕ್ಕೆ ಓಡಿದೆ. ಬಿಳಿಗಲ್ಲನ್ನು ಎತ್ತಿ ಲಂಗಕ್ಕೆ ಹಾಕಿಕೊಂಡು ಆಚೆ ತುದಿಗೆ ನಡೆದೆ. ಮೊದಲಿದ್ದಲ್ಲಿ ಇಟ್ಟುಬಿಟ್ಟರೆ ಮುಗಿಯಿತು ಎಂದು ಲೆಕ್ಕ. ಅರ್ಧ ದಾರಿಗೇ ಟ್ರಾಕ್ಟರ್ ಗಾಲಿಯ ಗುರುತುಗಳು ಕಂಡವು. ಮುಂದೆ ಹೋದರೆ ಜಾಲಿಗಿಡಗಳನ್ನು ಕಡಿದಿದ್ದರು. ಗುಪ್ಪೆಗಳಿದ್ದಲ್ಲಿ ಒಂದರ ಪಕ್ಕ ಒಂದು ಬೋಳು ನೆಲ. ಸುತ್ತಿನ ಗುಂಡುಗಳಿಲ್ಲ, ಮುತ್ಯಾನ ದಡ್ಡಿಯ ಗೋಡೆಯೂ ಇಲ್ಲ. ನಮ್ಮೂರಿನವನೇ ಒಬ್ಬ ಕಾಕಾ ತಲೆಗೆ ಟವೆಲ್ ಸುತ್ತಿಕೊಂಡು ಟ್ರೇಲರಿಗೆ ಕಲ್ಲು ಎಸೆಯುತ್ತಿದ್ದ.

"ಕಾಕಾ, ಇಲ್ಲಿ ನಮ್ಮ ಮುತ್ಯಾ ಇದ್ದ."

"ಯಾವ ಮುತ್ಯಾ ಬೇ? ಇಲ್ಲಿರಾವ್ರೆಲ್ಲಾ ಮೋರ್ಯಾರು. ಕಲ್ಲಿಟ್ಟ ಗುರತ ಮಾಡೂದಲ್ಲ?" ಎಂದವನು ನನ್ನ ಮಡಿಲು ನೋಡಿ, "ಆ ಕಲ್ಲ ಛಲೋ ಐತಿ, ಕೊಡತಿಯೇನ?" ಎಂದ.

ನಾನು ಮಡಿಲು ಬಿಗಿಹಿಡಿದು ಅತ್ತ ಇತ್ತ ನಡೆದೆ. ಎಲ್ಲ ಜಾಗವೂ ಇದೇ ಇರಬೇಕು ಎನಿಸುತ್ತಿತ್ತು, ಎಲ್ಲವೂ ಅಲ್ಲ ಎನಿಸುತ್ತಿತ್ತು. ನಾಚಿಕೆ ಬಿಟ್ಟು ಮೆಲ್ಲಗೆ "ಮುತ್ಯಾ" ಎಂದು ಕರೆದೂ ನೋಡಿದೆ. ಟ್ರಾಕ್ಟರ್ ಹೊಗೆ ಬಿಟ್ಟು ಹೋಯಿತು. ಕಡೆಗೆ ಬಿಳಿಗಲ್ಲನ್ನು ಹೊತ್ತುಕೊಂಡು ಬಂದು ನನ್ನ ಆಟದ ಮನೆಯ ಮೇಲೆಯೇ ಮತ್ತೆ ಇಟ್ಟೆ.

ಸುವರ್ಣಾಳ ಮನೆಯವರು ಪಾತ್ರೆ ಗಂಟು ಕಟ್ಟುತ್ತಿದ್ದರು. ಅವಳನ್ನು ಹಿತ್ತಲಿಗೆ ಕರೆದು ಎಲ್ಲ ಹೇಳಿ ಅತ್ತೆ.

"ಹೇಳಬ್ಯಾಡ," ಎಂದಳು ಸುವರ್ಣಾ. "ಹೇಳಿದ್ರ ಏನಾಕ್ಕೈತಿ? ನಿಮ್ಮ ಆಯಿ ಆ ದಿಬ್ಬದ ಮ್ಯಾಲ ಹೋಗಿ ಕೂಡ್ರತಾಳ. ನೀರ ಬಂದ್ರೂ ಏಳಂಗಿಲ್ಲ. ಆಮ್ಯಾಲ ನಿಮ್ಮ ಆಯೀನೂ ಮೋರ್ಯಾರಾಕಿ ಆಕ್ಕಾಳ."

ಅದು ನಿಜವೆಂದು ನನಗೂ ಗೊತ್ತಿತ್ತು. ಕಣ್ಣು ಒರೆಸಿಕೊಂಡೆ.

ಮರುದಿನ ಬೆಳಿಗ್ಗೆ ಅಪ್ಪ ಗುದ್ದಲಿ ಹಿಡಿದು ಬಂದ. ಮುತ್ಯಾ ದಡ್ಡಿಯನ್ನು ಆಚೆ ತುದಿಗೆ ಹಾಕಿದ್ದೂ, ಸತ್ತದ್ದೂ ಅಪ್ಪ ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೋಗಿದ್ದಾಗ. ಮಣ್ಣಾದ ಮೇಲೆ ಬಂದು ಒಮ್ಮೆ ನೋಡಿದ್ದಷ್ಟೇ. ನಾನು ಆಯಿಯ ಕೈಹಿಡಿದು ಮೊದಲ ಸುತ್ತಿನಲ್ಲೇ ನಿಂತೆ. ಅಪ್ಪ ಹುಬ್ಬು ಗಂಟಿಕ್ಕಿದ.

"ಇಷ್ಟ ಹತ್ತರಿತ್ತ? ನಾ ಬಂದಾಗ ನಡದ ನಡದ ಸಾಕಾಗಿತ್ತಲ್ಲ. ಮಾಳಿ, ಖರೆ ಹೇಳು, ಇದಽ ಏನು?"

ನಾನು ಮಾತಾಡುವ ಮುಂಚೆ ಆಯಿಯೇ ಹೇಳಿದಳು: "ಆವಾಗ ಅಳಕೋತ ಬಂದಿದ್ದಿ. ಅಳಾವಂಗ ದಾರಿ ಉದ್ದ ಕಾಣಸ್ತೈತಿ. ಅಗಿ ಸುಮ್ನ."

ಅಪ್ಪ ಬಿಳಿಗಲ್ಲನ್ನು ಪಕ್ಕಕ್ಕಿಟ್ಟು, ಗುಪ್ಪೆ ಸರಿಸಿ, ಅಗೆದ. ಮೊದಲು ಕೆಂಪು ಮಣ್ಣು, ಆಮೇಲೆ ಬೂದಿಯಂಥದ್ದು. ಟಣ್ ಎಂದಿತು. ಕೈ ಹಾಕಿ ತೆಗೆದರೆ ಅಂಗೈಯಗಲದ ಬೋಕಿ. ಹೊರಗೆ ಕೆಂಪು, ಒಳಗೆ ಕಪ್ಪು, ನುಣ್ಣಗೆ. ನಮ್ಮ ಆಟದ ಗಂಗಾಳದ್ದೇ ನಮೂನೆ.

"ಅವ್ವ, ಗಡಿಗಿ ಐತಿ ಇಲ್ಲಿ. ನಾವು ಗಡಿಗಿ ಇಡೂ ಪದ್ಧತಿ ಇಲ್ಲಲ್ಲ?"

"ಕೊಡ ಇತ್ಲಾಗ."

ಆಯಿ ಬೋಕಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಹೆಬ್ಬೆರಳಿನಿಂದ ಒಳಗೆ ಸವರಿದಳು, ಹೊರಗೆ ಸವರಿದಳು. ಜನ್ಮವೆಲ್ಲ ಗಡಿಗೆ ಹೊತ್ತ ಕೈ ಅದು. ನಾನು ಅಪ್ಪನ ಗುದ್ದಲಿಯನ್ನೇ ನೋಡುತ್ತಿದ್ದೆ.

"ನಾನಽ ಇಟ್ಟಿದ್ದೆ," ಎಂದಳು ಆಯಿ. "ಅವಂಗ ನೀರಡಿಕಿ ಭಾಳ. ಯಾರಿಗೂ ಹೇಳಿದ್ದಿಲ್ಲ. ತುಂಬು ಮಣ್ಣ."

ಅಪ್ಪ ಮೂರು ಹಿಡಿ ಮಣ್ಣನ್ನು ಕರಿ ಕಂಬಳಿಯ ತುಂಡಿನಲ್ಲಿ ಕಟ್ಟಿದ. ಬೋಕಿಯನ್ನು ಆಯಿ ತನ್ನ ಎಲೆಸಂಚಿಯೊಳಗೆ ತುರುಕಿಕೊಂಡಳು.

ಆ ಗಂಟನ್ನು ತಲೆಯ ಮೇಲಿಟ್ಟುಕೊಂಡವರು ಹೊಸ ಜಾಗ ಮುಟ್ಟುವ ತನಕ ಅದನ್ನು ಕೆಳಗೆ ಇಡಬಾರದು, ಮಾತಾಡಬಾರದು. ಟ್ರಾಕ್ಟರಿನಲ್ಲಿ ಹೊರಸು, ಬೀಸುಕಲ್ಲು, ಆಡು, ಕೋಳಿಬುಟ್ಟಿಗಳ ನಡುವೆ ಆಯಿ ನೆಟ್ಟಗೆ ಕೂತಿದ್ದಳು. ತಗ್ಗು ಬಂದಾಗ ಕೋಳಿಬುಟ್ಟಿ ಅವಳ ಮಡಿಲಿಗೆ ಬಿತ್ತು. ಬೈಯಲಾಗದೆ ತುಟಿ ಕಚ್ಚಿಕೊಂಡಳು. ಇಷ್ಟೇ ಆಗಿದ್ದರೆ ನನಗೆ ನಗು ಬರುತ್ತಿತ್ತು. ಆದರೆ ಊರಿನ ಕೊನೆಯ ಬೇವಿನ ಗಿಡ ದಾಟುವಾಗ ಅವಳ ಒಂದು ಕೈ ನನ್ನ ಮಣಿಕಟ್ಟು ಹುಡುಕಿ ಹಿಡಿಯಿತು. ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿಯಿತು. ಹೊಸ ಜಾಗ ಬರುವ ತನಕ ಬಿಡಲಿಲ್ಲ.

ಪ್ಲಾಟು ಎಂದರೆ ಗೆರೆ ಎಳೆದ ಬಯಲು. ಗಿಡವಿಲ್ಲ, ನೆರಳಿಲ್ಲ, ಹೊಳೆಯ ವಾಸನೆಯಿಲ್ಲ. ಹಿತ್ತಲಿನ ಮೂಲೆಯಲ್ಲಿ ಮಣ್ಣು ಹುಗಿದು ಮೇಲೆ ಬಿಳಿಗಲ್ಲು ಇಟ್ಟರು. ಬಾಗಿಲಿಂದ ಹತ್ತು ಹೆಜ್ಜೆ. ಪ್ರತಿ ಅಮಾವಾಸ್ಯೆ ಆಯಿ ತಾನೇ ಗೋಡೆ ಹಿಡಿದು ಹೋಗಿ, ಎಡೆ ಇಟ್ಟು, "ತಗೋರಿ" ಎಂದು ಬರುತ್ತಿದ್ದಳು. ನಾನು ಅವಳ ಜೊತೆಗೆ ಬೇಕಾಗುತ್ತಿರಲಿಲ್ಲ. ಬೇಕಾಗದಿದ್ದುದು ಎಷ್ಟು ಭಾರವೆಂದು ಆ ವಯಸ್ಸಿನಲ್ಲೇ ತಿಳಿಯಿತು. ಆ ಮಳೆಗಾಲದಲ್ಲಿ ಊರು ಮುಳುಗಿತು. ನೋಡಿ ಬಂದವರು ದಿಬ್ಬವೂ ಹೋಯಿತು ಎಂದರು.

ನನ್ನ ಮದುವೆಯಾಗಿ ಚೊಚ್ಚಲ ಬಾಣಂತನಕ್ಕೆ ಬಂದಾಗ ಆಯಿ ಹೊರಸು ಹಿಡಿದಿದ್ದಳು. ಒಂದು ಮಧ್ಯಾಹ್ನ ಅವ್ವ ಹೊಲಕ್ಕೆ ಹೋಗಿದ್ದಳು. ಆಯಿ ನನ್ನನ್ನು ಹತ್ತಿರ ಕರೆದಳು.

"ಮಾಳಿ, ನಾ ಸತ್ರ ಹಿತ್ತಲದಾಗ ಆ ಕಲ್ಲಿನ ಮಗ್ಗಲಿಗೆ ಹಾಕ್ತಾರ. ನಿಮ್ಮಪ್ಪಗ ಹೇಳಿ ಒಂಚೂರು ಅತ್ಲಾಗ ಹಾಕಸು."

"ಯಾಕ ಆಯಿ?"

"ಪರಗಂಡಸು ಬೇ. ಗುರತ ಇಲ್ಲ, ಪರಿಚಯ ಇಲ್ಲ. ಮಗ್ಗಲಾಗ ಹೆಂಗ ಮಲಗಲಿ?"

ನನ್ನ ಕೈಯಲ್ಲಿದ್ದ ಕೂಸು ಭಾರವಾಯಿತು. "ಬೋಕಿ ನೋಡಿ ಗೊತ್ತಾತೇನ?" ಎಂದೆ.

"ಬೋಕಿ ಏನ ಹೇಳೀತು. ಮೊದಲನೇ ದಿನಾನ ಗೊತ್ತಿತ್ತು. ನಿಮ್ಮ ಮುತ್ಯಾನ ಕಡೆ ಕುಂತ್ರ ಹೊಳಿ ಸಪ್ಪಳ ಬಲಗಿವಿಗೆ ಬರತಿತ್ತು. ಅವತ್ತ ಎಡಗಿವಿಗೆ ಬಂತು. ಗಾಣದಾಗಿನ ಎತ್ತಿನಗತೆ ತಿರುಗಸ್ತಿ, ನಾ ಏನ ಕುಡ್ಡಿ ಅದೇನಿ, ಕಿವುಡಿ ಅಲ್ಲ."

"ಮತ್ತ ಯಾಕ ಬೈಲಿಲ್ಲ? ಯಾಕ ಹೇಳಲಿಲ್ಲ?"

ಆಯಿ ಸೂರು ನೋಡುತ್ತ ಮಲಗಿದ್ದಳು, ನೋಡುವುದೇನೂ ಇರದಿದ್ದರೂ.

"ನನ್ನ ಮೊಣಕಾಲೂ ನೋಯತಿದ್ವು ಮಾಳಿ. ಆ ಬಿಸಲಾಗ ಅಷ್ಟ ದೂರ ನಡಿಯಾಕ ನನಗೂ ಆಗತಿದ್ದಿಲ್ಲ. ನೀ ಕಲ್ಲ ಹತ್ತರ ತಂದಿ. ಛಲೋ ಆತು ಅಂದೆ. ಮುಂದ ಒಂದಿನ, ಕಾಲ ಆರಾಮಾದ ಮ್ಯಾಲ ಅವನ ಕಡೆ ಹ್ವಾದ್ರಾತು, ಅಂವೆಲ್ಲಿ ಓಡಿ ಹೋಗ್ತಾನ ಅಂದೆ. ಟ್ರಾಕ್ಟರ್ ಬರತೈತಿ ಅಂತ ಗೊತ್ತಿತ್ತೇನ ನನಗ? ಮಣ್ಣ ತರೂ ದಿನ ಆಚೆ ತುದಿಗೆ ಟ್ರಾಕ್ಟರಿಗೆ ಕಲ್ಲ ಒಗಿಯೂ ಸಪ್ಪಳ ಕೇಳಿದೆ, ಅಲ್ಲೇನೂ ಉಳದಿಲ್ಲ ಅಂತ ತಿಳೀತು." ಆಮೇಲೆ, "ನೀ ಹುಡುಗಿ ಇದ್ದಿ. ನಾ ಹೇಂತಿ ಇದ್ದೆ," ಎಂದಳು.

ಅಷ್ಟು ವರ್ಷ ನಾನೊಬ್ಬಳೇ ಹೊತ್ತಿದ್ದೇನೆಂದುಕೊಂಡ ಕಲ್ಲಿನ ಇನ್ನೊಂದು ತುದಿ ಅವಳೂ ಹಿಡಿದಿದ್ದಳು. ಹಗುರಾಗಬೇಕಿತ್ತು. ಆಗಲಿಲ್ಲ.

ಆಯಿ ಹೋದ ದಿನ ಅಪ್ಪನೂ ಬಂಧುಗಳೂ ಬಿಳಿಗಲ್ಲಿಗೆ ಹತ್ತಿಸಿಯೇ ಗೆರೆ ಎಳೆದರು. ನಾನು ಅಳು ನುಂಗಿ ಮುಂದೆ ಬಂದು, "ನಡುವ ಒಂದು ಮಾರು ಜಾಗಾ ಬಿಡ್ರಿ" ಎಂದೆ.

"ಯಾಕ ಬೇ? ಗಂಡ ಹೇಂತಿ ನಡುವ ಎಂಥಾ ಜಾಗಾ?"

"ಆಯೀನ ಹೇಳ್ಯಾಳ. ಮುತ್ಯಾ ಗೊರಕಿ ಹೊಡಿತಾನಂತ, ನಿದ್ದಿ ಬರಂಗಿಲ್ಲಂತ."

ಹೆಣದ ಮುಂದೆ ಅಷ್ಟೂ ಮಂದಿ ನಕ್ಕುಬಿಟ್ಟರು. ಅಪ್ಪನೂ ಅಳುತ್ತಲೇ ನಕ್ಕ. ಜಾಗ ಬಿಟ್ಟರು. ಆಯಿಯ ಮಾನ ಉಳಿಯಿತು.

ಅಪ್ಪ ಹೋದ ಮೇಲೆ ತಮ್ಮ ಅಲ್ಲಿ ಕಟ್ಟೆ ಕಟ್ಟಿಸಿ ಬಿಳಿ ಟೈಲ್ಸ್ ಹಚ್ಚಿಸಿದ. ಗುರುತಿನ ಕಲ್ಲಿಗೆ ಕೆಲಸವಿಲ್ಲದಾಯಿತು. ಅದು ನಲ್ಲಿಯ ಹತ್ತಿರ ಅರಿವೆ ಒಗೆಯುವ ಕಲ್ಲಿನ ಒತ್ತಿಗೆ ಬಿದ್ದಿತ್ತು. ಹೋದ ಬೇಸಿಗೆ ಹಿನ್ನೀರು ಬಹಳ ಇಳಿದಿದೆ, ದಿಬ್ಬದ ಬೆನ್ನು ಕಾಣುತ್ತಿದೆ ಎಂದು ಸುದ್ದಿ ಬಂತು. ಮಹಾಲಿಂಗಪುರಕ್ಕೆ ಕೊಟ್ಟ ಸುವರ್ಣಾಗೆ ಫೋನ್ ಮಾಡಿದೆ. "ಬಾರೇ, ನಿಂದೂ ಪಾಲೈತಿ ಈ ಪಾಪದಾಗ" ಎಂದೆ. ಬಂದಳು, ಚೀಲದಲ್ಲಿ ಒಂದು ಹೆಂಟೆ ಬೆಲ್ಲ ಹಾಕಿಕೊಂಡು.

ಬಿರಿದ ಕೆಸರು, ಮೀನಿನ ನಾತ, ಕಾಲಿಗೆ ಚುಚ್ಚುವ ಚಿಪ್ಪುಗಳು. ಅಲ್ಲೊಂದು ಇಲ್ಲೊಂದು ಗುಂಡುಕಲ್ಲು ಹೂಳಿನಿಂದ ತಲೆ ಎತ್ತಿತ್ತು. ನನ್ನ ಆಟದ ಮನೆ ಯಾವುದು, ಅವಳದು ಯಾವುದು, ಇಬ್ಬರಿಗೂ ತಿಳಿಯಲಿಲ್ಲ. ಸರತಿಯ ಮೇಲೆ ಕಲ್ಲು ಹೊತ್ತು ಆಚೆ ತುದಿಯ ಕಡೆ ನಡೆದೆವು.

"ಆವಾಗ ಇಷ್ಟ ಭಾರ ಇದ್ದಿಲ್ಲ ಇದು," ಎಂದಳು ಸುವರ್ಣಾ, ಏದುಸಿರು ಬಿಡುತ್ತ. "ಎಲ್ಲಿ ಇಡತಿ?"

ಆಯಿಯ ಹಾಗೆ ಕಣ್ಣು ಮುಚ್ಚಿ ನಿಂತೆ. ಬಲಗಿವಿ ಕೊಟ್ಟೆ, ಎಡಗಿವಿ ಕೊಟ್ಟೆ. ಮೂರೂ ದಿಕ್ಕಿಗೆ ನೀರಿತ್ತು. ಆದರೆ ನಿಂತ ನೀರು, ಸಪ್ಪಳವೇ ಇಲ್ಲ.

"ಏನರ ಕೇಳಸ್ತೇನ?"

"ಇಲ್ಲ."

"ಇನ್ನೊಂಚೂರು ಮುಂದ ಹೋಗೂಣೇನ?"

"ನನ್ನ ಮೊಣಕಾಲು ಹಿಡದಾವ ಸುವರ್ಣಾ."

"ನನ್ವೂ," ಎಂದಳು.

ಕಾಲು ಸೋತಲ್ಲಿಯೇ ಇಟ್ಟೆವು. ಮೇಲೆ ಬೆಲ್ಲ ಇಟ್ಟು ಬಂದೆವು. ಈಗ ಮಳೆಗಾಲ, ಅದರ ಮೇಲೆ ಆಳೆತ್ತರ ನೀರು ನಿಂತಿರುತ್ತದೆ.

ಊರಿಲ್ಲ, ದಿಬ್ಬವಿಲ್ಲ, ಹೊಳೆಗೆ ಸಪ್ಪಳವಿಲ್ಲ. ಮೋರ್ಯಾರ ಕಲ್ಲುಗಳು ನಮ್ಮೆಲ್ಲರ ಬುನಾದಿಯೊಳಗೆ ಸೇರಿ ಹೋಗಿವೆ. ಯಾರ ಗೋಡೆಯಡಿ ಯಾರಿದ್ದಾರೋ. ಎಲೆಸಂಚಿಯ ಬೋಕಿ ನನ್ನ ಹತ್ತಿರ ಇದೆ.

ಕೂಸಿನ್ನೂ ಎದ್ದಿಲ್ಲ. ಮಲಗಿದಾಗ ಗೊರ್ ಗೊರ್ ಎನ್ನುತ್ತದೆ, ಇಷ್ಟು ಪುಟ್ಟ ಮೂಗಿನಿಂದ ಅಷ್ಟು ಸಪ್ಪಳ. ಮಗಳಿಗೆ ಚಿಂತೆ. ಈಗಷ್ಟೇ ಒಳಗಿನಿಂದ ಬಂದು, "ಅವ್ವ, ಗೊರಕಿ ಭಾಳ ಆತು, ಡಾಕ್ಟರಿಗೆ ತೋರಸೂಣೇನ?" ಎಂದಳು.

"ಏನ ಬ್ಯಾಡ ಬಿಡು," ಎಂದೆ. "ಎಬ್ಬಸಬ್ಯಾಡ. ಕೇಳಸಲಿ ಒಂಚೂರು."